ಅಳತೆ ಉಪಕರಣಗಳ ಸರ್ಕ್ಯೂಟ್ ಬೋರ್ಡ್ ಶುಚಿಯಾಗಿರಲಿ

ಮಣ್ಣು ಪರೀಕ್ಷೆಯ ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿ ಮಣ್ಣಿನ ರಸಸಾರ. ಜಮೀನಿಗೆ ಸುಣ್ಣ ಬೇಕೆ, ಜಿಪ್ಸಂ ಬೇಕೆ, ಎರಡೂ ಬೇಡವೆ ಎಂಬ ಸಲಹೆ ಮುಖ್ಯವಾಗಿ ಈ ಅಂಕಿಯನ್ನು ಅವಲಂಬಿಸಿದೆ. ಮಾರಾಟಕ್ಕೆ ತಂದ ಭತ್ತ ಸಾಕಷ್ಟು ಒಣಗಿದೆಯೇ ಎಂಬುದನ್ನು ತೇವಾಂಶ ಮಾಪಕ ಹೇಳುತ್ತದೆ. ಕೊಳವೆ ಬಾವಿಯಲ್ಲಿ ನೀರು ಇಳಿದಾಗ ಮೋಟಾರನ್ನು ನಿಲ್ಲಿಸುವ ಕೆಲಸವನ್ನು ಪಂಪ್‌ಸೆಟ್ಟಿನ ಪ್ಯಾನೆಲ್ ಮಾಡುತ್ತದೆ. ಈ ಮೂರು ಸಾಧನಗಳ ಒಳಗೂ ಒಂದು ಸಣ್ಣ ಹಸಿರು ಹಲಗೆ ಇರುತ್ತದೆ. ಅದೇ ಸರ್ಕ್ಯೂಟ್ ಬೋರ್ಡ್.

ಉಪಕರಣ ಪೂರ್ತಿ ಕೆಟ್ಟು ನಿಂತರೆ ಹೆಚ್ಚಿನ ಅಪಾಯವಿಲ್ಲ. ಕೆಟ್ಟಿರುವುದು ತಿಳಿಯುತ್ತದೆ, ರಿಪೇರಿ ಮಾಡಿಸಲಾಗುತ್ತದೆ. ಉಪಕರಣ ನಡೆಯುತ್ತಲೇ ಇದ್ದು ತಪ್ಪು ಅಂಕಿ ತೋರಿಸುತ್ತಿದ್ದರೆ ಮಾತ್ರ ನಷ್ಟ ಹೆಚ್ಚು. ಆ ಅಂಕಿಯನ್ನು ನಂಬಿ ರೈತರು ಹಣ ಖರ್ಚು ಮಾಡುತ್ತಾರೆ, ಇಲ್ಲವೇ ಮಾಡಬೇಕಾದ ಖರ್ಚನ್ನು ಮಾಡದೆ ಬಿಡುತ್ತಾರೆ. ಇಂತಹ ತಪ್ಪು ಅಂಕಿಗೆ ಇರುವ ಕಾರಣಗಳಲ್ಲಿ ಬೋರ್ಡಿನ ಮೇಲೆ ಮತ್ತು ತಂತಿ ಜೋಡಿಸುವ ಸಾಕೆಟ್ಟಿನಲ್ಲಿ ಕೂರುವ ಕೊಳೆಯೂ ಒಂದು. ಇದನ್ನು ತಡೆಯುವುದು ಸುಲಭ, ಖರ್ಚೂ ಅಲ್ಪ.

ಸೋರು ವಿದ್ಯುತ್ ಎಂದರೇನು?

ಸರ್ಕ್ಯೂಟ್ ಬೋರ್ಡನ್ನು ಗಾಜಿನ ನಾರು ಮತ್ತು ಅಂಟು ಸೇರಿಸಿ ತಯಾರಿಸುತ್ತಾರೆ. ಇದು ಅವಾಹಕ, ಅಂದರೆ ಇದರ ಮೂಲಕ ವಿದ್ಯುತ್ ಹರಿಯುವುದಿಲ್ಲ ಎನ್ನಬಹುದು. ಇದರ ಮೇಲೆ ತಾಮ್ರದ ತೆಳುವಾದ ಗೆರೆಗಳಿರುತ್ತವೆ. ವಿದ್ಯುತ್ ಹರಿಯಬೇಕಾದುದು ಈ ಗೆರೆಗಳಲ್ಲಿ ಮಾತ್ರ. ಎರಡು ಗೆರೆಗಳ ನಡುವಿನ ಜಾಗ ಗದ್ದೆಯ ಬದುವಿನಂತೆ. ಬದು ಗಟ್ಟಿಯಾಗಿದ್ದರೆ ಒಂದು ತಾಕಿನ ನೀರು ಇನ್ನೊಂದಕ್ಕೆ ಹೋಗುವುದಿಲ್ಲ.

ಈ ಜಾಗದ ಮೇಲೆ ಬೆವರು, ಉಪ್ಪು, ದೂಳು ಕುಳಿತು ಅದಕ್ಕೆ ಗಾಳಿಯ ತೇವ ಸೇರಿದರೆ ಅಲ್ಲಿ ಕಣ್ಣಿಗೆ ಕಾಣದ ಒಂದು ಉಪ್ಪುನೀರಿನ ಪದರ ಉಂಟಾಗುತ್ತದೆ. ಉಪ್ಪುನೀರು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಹೀಗೆ ಹರಿಯಬಾರದ ಕಡೆ ಹರಿಯುವ ಅಲ್ಪ ವಿದ್ಯುತ್ತೇ ಸೋರು ವಿದ್ಯುತ್. ಇದು ಬದುವಿನಲ್ಲಿ ಏಡಿ ಕೊರೆದ ಬಿಲದಂತೆ, ಮೇಲೆ ನೋಡಿದರೆ ಬದು ಸರಿಯಾಗಿಯೇ ಕಾಣುತ್ತದೆ.

ಏಡಿ ಬಿಲದಿಂದ ದೊಡ್ಡ ನಾಲೆಗೆ ಆಗುವ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಅದೇ ಗಾತ್ರದ ಬಿಲ ಕೈಬೆರಳಿನಷ್ಟು ನೀರು ಹರಿಯುವ ಸಣ್ಣ ಕಾಲುವೆಯಲ್ಲಿದ್ದರೆ ನೀರೆಲ್ಲ ಅದರಲ್ಲೇ ಹೋಗಿ ಗಿಡಕ್ಕೆ ಏನೂ ತಲುಪುವುದಿಲ್ಲ. ವಿದ್ಯುತ್ ಸಾಧನಗಳಲ್ಲೂ ಹಾಗೆಯೇ. ರೇಡಿಯೋ, ಟಾರ್ಚ್, ಮೊಬೈಲ್ ಚಾರ್ಜರ್ ಮುಂತಾದವುಗಳಲ್ಲಿ ಹರಿಯುವ ವಿದ್ಯುತ್ ಹೆಚ್ಚು. ಸ್ವಲ್ಪ ಕೊಳೆಯಿಂದ ಅವುಗಳ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಅತಿ ಸೂಕ್ಷ್ಮ ವಿದ್ಯುತ್ತನ್ನು ಅಳೆಯುವ ಉಪಕರಣಗಳಿಗೆ ಅಷ್ಟೇ ಕೊಳೆ ಸಾಕು, ಅಳತೆ ದಾರಿ ತಪ್ಪುತ್ತದೆ.

ರಸಸಾರ ಮಾಪಕ ಅತಿ ಸೂಕ್ಷ್ಮ ಏಕೆ?

ರಸಸಾರದ ಅಳತೆಗೋಲನ್ನು 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸನ್ ರೂಪಿಸಿದರು. ಇಂದು ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ಮಾಪಕದ ಮೂಲ ರೂಪ ಬಂದುದು 1934ರಲ್ಲಿ, ಅದೂ ಬೇಸಾಯಗಾರರ ಅಗತ್ಯದಿಂದಲೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಬೆಳೆಗಾರರ ಸಂಘದ ಪ್ರಯೋಗಾಲಯಕ್ಕೆ ನಿಂಬೆ ರಸದ ಹುಳಿಯನ್ನು ಅಳೆಯಬೇಕಾಗಿತ್ತು. ಗಾಜಿನ ಎಲೆಕ್ಟ್ರೋಡಿನಿಂದ ಬರುವ ವಿದ್ಯುತ್ ತೀರಾ ಅಲ್ಪವಾಗಿದ್ದುದರಿಂದ ಆಗಿನ ಮುಳ್ಳಿನ ಮಾಪಕಗಳಿಗೆ ಅದು ಸಾಲುತ್ತಿರಲಿಲ್ಲ. ಹೆಚ್ಚು ವಿದ್ಯುತ್ ಬರಲೆಂದು ಗಾಜನ್ನು ತೆಳುವಾಗಿಸಿದರೆ ಅದು ಬೇಗ ಒಡೆಯುತ್ತಿತ್ತು. ರಸಾಯನ ವಿಜ್ಞಾನಿ ಆರ್ನಾಲ್ಡ್ ಬೆಕ್ಮನ್ ಅವರು ನಿರ್ವಾತ ಕೊಳವೆಗಳನ್ನು ಬಳಸಿ ಈ ಅಲ್ಪ ಸಂಕೇತವನ್ನು ವರ್ಧಿಸುವ ಉಪಕರಣವನ್ನು ತಯಾರಿಸಿಕೊಟ್ಟರು.

ಗಾಜು ಅವಾಹಕವೆಂದು ಎಲ್ಲರಿಗೂ ಗೊತ್ತು. ರಸಸಾರ ಅಳೆಯುವ ಎಲೆಕ್ಟ್ರೋಡಿನ ತುದಿಯಲ್ಲಿರುವ ವಿಶೇಷ ಗಾಜಿನ ಗುಂಡು ಮಾತ್ರ ಅತ್ಯಲ್ಪ ವಿದ್ಯುತ್ತನ್ನು ಬಿಡುತ್ತದೆ. ಇದರ ರೋಧ ಸಾಮಾನ್ಯವಾಗಿ 50ರಿಂದ 500 ಮೆಗಾಓಮ್ ಇರುತ್ತದೆ. ಒಂದು ಮೆಗಾಓಮ್ ಎಂದರೆ 10 ಲಕ್ಷ ಓಮ್. ದ್ರಾವಣದ ರಸಸಾರ ಒಂದು ಅಂಕ ಬದಲಾದರೆ ಎಲೆಕ್ಟ್ರೋಡಿನಲ್ಲಿ ಉಂಟಾಗುವ ಒತ್ತಡದ ವ್ಯತ್ಯಾಸ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 59 ಮಿಲಿವೋಲ್ಟ್. ಇಷ್ಟು ಕಡಿಮೆ ಒತ್ತಡ, ಅಷ್ಟು ಹೆಚ್ಚಿನ ರೋಧ ಇರುವಾಗ ಎಲೆಕ್ಟ್ರೋಡ್ ಕೊಡಬಲ್ಲ ವಿದ್ಯುತ್, ಟಾರ್ಚ್ ಬಲ್ಬಿನಲ್ಲಿ ಹರಿಯುವ ವಿದ್ಯುತ್ತಿನ ಹತ್ತಾರು ಕೋಟಿಯಲ್ಲಿ ಒಂದು ಪಾಲು ಮಾತ್ರ. ಕೈಬೆರಳಿನಷ್ಟು ನೀರಿನ ಕಾಲುವೆ ಎಂದುದು ಇದಕ್ಕೇ.

ತಪ್ಪು ಎಷ್ಟಾಗುತ್ತದೆ?

ಒಂದು ಸರಳ ಲೆಕ್ಕ ನೋಡಬಹುದು. ಎಲೆಕ್ಟ್ರೋಡಿನ ರೋಧ 200 ಮೆಗಾಓಮ್ ಇದೆ ಎಂದಿಟ್ಟುಕೊಳ್ಳೋಣ. ಮಾಪಕದ ಸಾಕೆಟ್ಟಿನಲ್ಲಿ ಕೊಳೆ ಮತ್ತು ತೇವ ಸೇರಿ ಅಷ್ಟೇ, ಅಂದರೆ 200 ಮೆಗಾಓಮ್ ರೋಧದ ಸೋರು ದಾರಿ ಉಂಟಾಗಿದೆ. ಆಗ ಎಲೆಕ್ಟ್ರೋಡಿನ ಒತ್ತಡದಲ್ಲಿ ಅರ್ಧ ಮಾತ್ರ ಮಾಪಕಕ್ಕೆ ತಲುಪುತ್ತದೆ. ಈ ಎಲೆಕ್ಟ್ರೋಡುಗಳಲ್ಲಿ ಒತ್ತಡ ಸೊನ್ನೆಯಾಗುವುದು ರಸಸಾರ ಸುಮಾರು 7 ಇರುವಾಗ. ಆದ್ದರಿಂದ ಸೋರಿಕೆಯಿರುವ ಮಾಪಕ ಎಲ್ಲ ಅಂಕಿಗಳನ್ನೂ 7ರ ಕಡೆಗೆ ಎಳೆಯುತ್ತದೆ. ಶುಚಿಯಾಗಿದ್ದಾಗ ಸರಿಹೊಂದಿಸಿದ ಮಾಪಕಕ್ಕೆ ಆಮೇಲೆ ಇಂತಹ ಸೋರಿಕೆ ಬಂದರೆ ಅದರ ಅಂಕಿಗಳು ಹೀಗಿರುತ್ತವೆ:

ನಿಜವಾದ ರಸಸಾರ 5.0 – ಮಾಪಕ ತೋರಿಸುವುದು 6.0
ನಿಜವಾದ ರಸಸಾರ 7.0 – ಮಾಪಕ ತೋರಿಸುವುದು 7.0
ನಿಜವಾದ ರಸಸಾರ 9.0 – ಮಾಪಕ ತೋರಿಸುವುದು 8.0

ಈ ಮೂರು ಸಾಲುಗಳನ್ನು ಗಮನವಿಟ್ಟು ನೋಡಬೇಕು. ಮಲೆನಾಡು ಅಥವಾ ಕರಾವಳಿಯ ಹುಳಿ ಮಣ್ಣು ಸುಮಾರಾಗಿ ಒಳ್ಳೆಯ ಮಣ್ಣಿನಂತೆ ಕಾಣುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕ್ಷಾರ ಮಣ್ಣು ಕೂಡ ಒಳ್ಳೆಯ ಮಣ್ಣಿನಂತೆಯೇ ಕಾಣುತ್ತದೆ. ಕೊಳೆಯಾದ ಮಾಪಕಕ್ಕೆ ಎಲ್ಲ ಮಣ್ಣೂ ಒಳ್ಳೆಯದೇ. ರಸಸಾರ 5ರ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ಬಾಧೆ ಕೊಡುತ್ತದೆ. ಹಾಕಿದ ರಂಜಕದ ಬಹುಭಾಗ ಮಣ್ಣಿನಲ್ಲಿ ಬಂಧಿತವಾಗಿ ಬೆಳೆಗೆ ದೊರೆಯುವುದಿಲ್ಲ. ಸುಣ್ಣ ಬೇಕಾದ ಇಂತಹ ಜಮೀನಿಗೆ 'ಸುಣ್ಣದ ಅಗತ್ಯವಿಲ್ಲ' ಎಂಬ ವರದಿ ಹೋದರೆ, ರೈತರು ಮುಂದಿನ ಹಂಗಾಮಿನಲ್ಲೂ ಗೊಬ್ಬರದ ಮೇಲೆ ಗೊಬ್ಬರ ಹಾಕಿ ಇಳುವರಿ ಏಕೆ ಬರಲಿಲ್ಲವೆಂದು ಚಿಂತಿಸಬೇಕಾಗುತ್ತದೆ.

ಇನ್ನೊಂದು ಮುಖ್ಯ ವಿಷಯವಿದೆ. 7.0 ರಸಸಾರದ ಬಫರ್ ದ್ರಾವಣ ಒಂದರಿಂದಲೇ ಮಾಪಕವನ್ನು ಪರೀಕ್ಷಿಸಿದರೆ ಈ ದೋಷ ತಿಳಿಯುವುದೇ ಇಲ್ಲ. ಆ ಅಂಕಿಯಲ್ಲಿ ಸೋರಿಕೆಯಿದ್ದರೂ ಮಾಪಕ ಸರಿಯಾಗಿಯೇ ತೋರಿಸುತ್ತದೆ.

ಸೋರಿಕೆ ಇನ್ನೊಂದು ರೀತಿಯಲ್ಲಿಯೂ ಆಗಬಹುದು. ಬೋರ್ಡಿನ ಮೇಲೆ 5 ವೋಲ್ಟಿನ ಗೆರೆಯೊಂದು ಎಲೆಕ್ಟ್ರೋಡಿನ ಗೆರೆಯ ಪಕ್ಕದಲ್ಲೇ ಹಾದುಹೋಗಿರುತ್ತದೆ ಎನ್ನೋಣ. ಎರಡರ ನಡುವಿನ ಕೊಳೆಯ ರೋಧ 10,000 ಮೆಗಾಓಮ್‌ನಷ್ಟು ಹೆಚ್ಚಾಗಿದ್ದರೂ ಅದರ ಮೂಲಕ ನುಸುಳುವ ವಿದ್ಯುತ್ತು 200 ಮೆಗಾಓಮ್ ಎಲೆಕ್ಟ್ರೋಡಿನಲ್ಲಿ ಸುಮಾರು 100 ಮಿಲಿವೋಲ್ಟ್ ಒತ್ತಡ ಉಂಟುಮಾಡುತ್ತದೆ. ಇದು ರಸಸಾರದ ಲೆಕ್ಕದಲ್ಲಿ 1.7 ಅಂಕ. ಈ ಸಂದರ್ಭದಲ್ಲಿ ಎಲ್ಲ ಅಂಕಿಗಳೂ ಒಂದೇ ಕಡೆಗೆ ಸರಿಯುತ್ತವೆ. ಸಾಮಾನ್ಯ ಮಲ್ಟಿಮೀಟರಿನಿಂದ ಇಷ್ಟು ದೊಡ್ಡ ರೋಧವನ್ನು ಅಳೆಯಲಾಗುವುದಿಲ್ಲ. ಆದುದರಿಂದ 'ಮೀಟರ್ ಇಟ್ಟು ನೋಡಿದೆ, ಸೋರಿಕೆ ಇಲ್ಲ' ಎಂಬ ಮೆಕ್ಯಾನಿಕ್‌ನ ಮಾತನ್ನು ಈ ಉಪಕರಣಗಳ ಮಟ್ಟಿಗೆ ಒಪ್ಪುವಂತಿಲ್ಲ.

ಕೊಳೆ ಎಲ್ಲಿಂದ ಬರುತ್ತದೆ?

1. ಕೈ ಬೆವರು: ಬೆವರಿನಲ್ಲಿ ಉಪ್ಪು ಮತ್ತು ಜಿಡ್ಡು ಎರಡೂ ಇವೆ. ಬೋರ್ಡಿನ ಮೇಲೆ ಒಮ್ಮೆ ಬೆರಳಿಟ್ಟರೆ ಆ ಗುರುತು ಅಲ್ಲಿಯೇ ಉಳಿಯುತ್ತದೆ.

2. ಎಲೆಕ್ಟ್ರೋಡ್ ಇಡುವ ದ್ರಾವಣ: ಎಲೆಕ್ಟ್ರೋಡನ್ನು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡಿನ ಗಟ್ಟಿ ದ್ರಾವಣದಲ್ಲಿ ಅದ್ದಿಡುತ್ತಾರೆ. ಇದರ ಹನಿ ತಂತಿಯ ಮೇಲೆ ಅಥವಾ ಸಾಕೆಟ್ಟಿನೊಳಗೆ ಬಿದ್ದು ಒಣಗಿದರೆ ಬಿಳಿ ಪುಡಿಯಾಗಿ ಕೂರುತ್ತದೆ. ಪ್ರಯೋಗಾಲಯಗಳಲ್ಲಿ ಈ ಬಿಳಿ ಪುಡಿ ಕಂಡರೂ ಒರೆಸದೆ ಬಿಡುವುದುಂಟು. ಮೊದಲು ಹುಡುಕಬೇಕಾದುದು ಇದನ್ನೇ.

3. ಗೊಬ್ಬರದ ದೂಳು: ಉಪಕರಣವನ್ನು ಗೊಬ್ಬರದ ಚೀಲಗಳಿರುವ ಕೊಠಡಿಯಲ್ಲಿಟ್ಟರೆ ಯೂರಿಯಾ, ಪೊಟ್ಯಾಷ್ ಮುಂತಾದವುಗಳ ನುಣುಪು ದೂಳು ಒಳಗೆ ಸೇರುತ್ತದೆ.

4. ಬೆಸುಗೆಯ ಶೇಷ: ರಿಪೇರಿ ಮಾಡುವಾಗ ಬೆಸುಗೆ ಹಿಡಿಯಲೆಂದು ಹಚ್ಚುವ ರಾಳದಂತಹ ಫ್ಲಕ್ಸ್ ಪದಾರ್ಥ ಕಂದು ಬಣ್ಣದ ಪದರವಾಗಿ ಉಳಿಯುತ್ತದೆ. ತೊಳೆಯುವ ಅಗತ್ಯವಿಲ್ಲವೆಂದು ಮಾರುವ ಫ್ಲಕ್ಸ್ ಸಾಮಾನ್ಯ ಸಾಧನಗಳಿಗೆ ಸರಿ. ಸೂಕ್ಷ್ಮ ಮಾಪಕಗಳಲ್ಲಿ ಅದನ್ನೂ ತೊಳೆದು ತೆಗೆಯಬೇಕು. ರಿಪೇರಿಯಾಗಿ ಬಂದ ಮಾಪಕ ಮೊದಲಿಗಿಂತ ಹೆಚ್ಚು ತಪ್ಪು ತೋರಿಸಿದರೆ ಇದನ್ನು ಸಂಶಯಿಸಬೇಕು.

5. ಕಣದ ದೂಳು, ಹೊಟ್ಟು, ಸಿಂಪರಣೆಯ ತುಂತುರು: ಇವು ಒಣಗಿರುವಾಗ ನಿರುಪದ್ರವಿಯಂತೆ ಕಂಡರೂ ತೇವವನ್ನು ಹಿಡಿದಿಡುತ್ತವೆ.

6. ಇರುವೆ, ಜಿರಳೆ, ಹಲ್ಲಿ: ಪ್ಯಾನೆಲ್ ಪೆಟ್ಟಿಗೆಯ ಬೆಚ್ಚನೆಯ ಜಾಗ ಇವುಗಳಿಗೆ ಪ್ರಿಯ. ಇವುಗಳ ಹಿಕ್ಕೆಯಲ್ಲಿರುವ ಲವಣಗಳು ತೇವದೊಡನೆ ಸೇರಿ ಸೋರು ದಾರಿಯಾಗುತ್ತವೆ.

7. ಕಡಲ ಗಾಳಿ: ಕರಾವಳಿಯಲ್ಲಿ ಗಾಳಿಯೊಡನೆ ಬರುವ ಉಪ್ಪು ತೆರೆದಿಟ್ಟ ಉಪಕರಣಗಳ ಮೇಲೆ ಕೂರುತ್ತದೆ.

ಮಳೆಗಾಲದಲ್ಲಿ ದೋಷ ಹೆಚ್ಚುವುದೇಕೆ?

ಯೂರಿಯಾ ಚೀಲದ ಬಾಯಿ ಬಿಚ್ಚಿಟ್ಟರೆ ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಅದೇ ಯೂರಿಯಾ ನೀರೊಡೆದು ಗಟ್ಟಿಯಾಗುತ್ತದೆ. ಪ್ರತಿ ಲವಣಕ್ಕೂ ಗಾಳಿಯ ಆರ್ದ್ರತೆಯ ಒಂದು ಮಿತಿಯಿದೆ. ಗಾಳಿಯ ಆರ್ದ್ರತೆ ಆ ಮಿತಿಯನ್ನು ದಾಟಿದರೆ ಲವಣ ಗಾಳಿಯ ತೇವವನ್ನು ಹೀರಿ ತಾನೇ ಕರಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಮಿತಿ ಯೂರಿಯಾಕ್ಕೆ ಶೇಕಡ 70ರಿಂದ 75ರ ನಡುವೆ, ಅಡುಗೆ ಉಪ್ಪಿಗೆ ಸುಮಾರು 75, ಪೊಟ್ಯಾಸಿಯಂ ಕ್ಲೋರೈಡಿಗೆ ಸುಮಾರು 84. ಎರಡು ಲವಣಗಳು ಬೆರೆತರೆ ಮಿತಿ ಇನ್ನೂ ಕೆಳಗಿಳಿಯುತ್ತದೆ.

ಬೋರ್ಡಿನ ಮೇಲಿನ ಕೊಳೆಗೂ ಇದೇ ನಿಯಮ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಸರಿಯಾಗಿ ನಡೆದ ಮಾಪಕ ಜುಲೈ ತಿಂಗಳಲ್ಲಿ ತಪ್ಪು ತೋರಿಸುತ್ತದೆ. ಬೆಳಿಗ್ಗೆ ಒಂದು ಅಂಕಿ, ಬಿಸಿಲೇರಿದ ಮೇಲೆ ಇನ್ನೊಂದು ಅಂಕಿ ಬರುತ್ತದೆ. ಬೆಳಿಗ್ಗೆ ಬಫರ್ ದ್ರಾವಣಗಳಿಂದ ಸರಿಹೊಂದಿಸಿದ ಮಾಪಕ ಮಧ್ಯಾಹ್ನದ ಹೊತ್ತಿಗೆ ಮತ್ತೆ ದಾರಿ ತಪ್ಪುವುದು ಇದರಿಂದಲೇ. ತೇವ ಮಾತ್ರವಿದ್ದು ಕೊಳೆ ಇಲ್ಲದಿದ್ದರೆ ಸೋರಿಕೆ ಬಹಳ ಕಡಿಮೆ. ಕೊಳೆಯಿದ್ದು ತೇವವಿಲ್ಲದಿದ್ದರೂ ಕಡಿಮೆ. ಎರಡೂ ಸೇರಿದಾಗಲೇ ತೊಂದರೆ. ಗಾಳಿಯ ತೇವವನ್ನು ತಡೆಯುವುದು ರೈತರ ಕೈಯಲ್ಲಿಲ್ಲ, ಕೊಳೆಯನ್ನು ತೆಗೆಯುವುದು ಕೈಯಲ್ಲಿದೆ.

ತೇವಾಂಶ ಮಾಪಕ ಮತ್ತು ಪಂಪ್‌ಸೆಟ್ ಪ್ಯಾನೆಲ್

ಧಾನ್ಯದ ತೇವಾಂಶ ಮಾಪಕಗಳಲ್ಲಿ ಒಂದು ಬಗೆಯವು ಕಾಳಿನ ರೋಧವನ್ನು ಅಳೆಯುತ್ತವೆ. ಒಣಗಿದ ಕಾಳಿನ ರೋಧ ಬಹಳ ಹೆಚ್ಚು, ಹಸಿ ಕಾಳಿನದು ಕಡಿಮೆ. ಅಳೆಯುವ ಎರಡು ಲೋಹದ ತುದಿಗಳ ನಡುವಿನ ಅವಾಹಕದ ಮೇಲೆ ಹಳೆಯ ಕಾಳಿನ ಹಿಟ್ಟು ಮತ್ತು ಬೆವರು ಮೆತ್ತಿಕೊಂಡಿದ್ದರೆ ವಿದ್ಯುತ್ ಕಾಳಿನ ಜೊತೆಗೆ ಆ ಕೊಳೆಯಲ್ಲೂ ಹರಿಯುತ್ತದೆ. ಮಾಪಕ ಇದನ್ನು ಕಾಳಿನ ತೇವವೆಂದೇ ಎಣಿಸುತ್ತದೆ. ಹೀಗಾಗಿ ಒಣಗಿದ ಕಾಳು ಹಸಿಯೆಂದು ತೋರುತ್ತದೆ. ಇಲ್ಲಿ ತಪ್ಪು ಯಾವಾಗಲೂ ಮಾರುವವರ ವಿರುದ್ಧವೇ ಆಗುತ್ತದೆ.

ಕನಿಷ್ಠ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇಕಡ 17ನ್ನು, ರಾಗಿಯದು ಶೇಕಡ 12ನ್ನು ಮೀರಬಾರದು. ಭತ್ತದಲ್ಲಿ ನಿಜವಾಗಿ ಶೇಕಡ 16.5 ತೇವವಿದ್ದು ಮಾಪಕ 18 ಎಂದು ತೋರಿಸಿದರೆ ರೈತರು ಗಾಡಿ ಬಾಡಿಗೆ ಕೊಟ್ಟು ಮಾಲನ್ನು ಹಿಂದಕ್ಕೆ ಒಯ್ಯಬೇಕಾಗುತ್ತದೆ, ಇಲ್ಲವೇ ಕೇಳಿದ ಬೆಲೆಗೆ ಹೊರಗೆ ಮಾರಬೇಕಾಗುತ್ತದೆ. ಇನ್ನೊಂದು ಬಗೆಯ ಮಾಪಕಗಳಲ್ಲಿ ಕಾಳನ್ನು ಬಟ್ಟಲಿಗೆ ಸುರಿದು ಅಳೆಯುತ್ತಾರೆ. ಅವುಗಳಲ್ಲಿಯೂ ಬಟ್ಟಲಿನ ಗೋಡೆಗೆ ಅಂಟಿದ ಹೊಟ್ಟು, ತೇವ ಅಳತೆಗೆ ಸೇರಿಕೊಳ್ಳುತ್ತದೆ. ಆದ್ದರಿಂದ ಬಟ್ಟಲನ್ನು ಒಣ ಬ್ರಷ್‌ನಿಂದ ಒರೆಸಿ, ಬರಿದಾಗಿರುವಾಗ ಮಾಪಕ ಏನು ತೋರಿಸುತ್ತದೆಂದು ನೋಡಿಯೇ ಕಾಳನ್ನು ಹಾಕಬೇಕು. ಖರೀದಿ ಕೇಂದ್ರದಲ್ಲಿ ತಮ್ಮ ಮುಂದೆಯೇ ಹೀಗೆ ಮಾಡುವಂತೆ ಕೇಳುವುದು ರೈತರಿಗೆ ಸಲ್ಲುವ ಮಾತೇ ಆಗಿದೆ.

ಪಂಪ್‌ಸೆಟ್ಟಿನ ಕೆಲವು ಪ್ಯಾನೆಲ್‌ಗಳಲ್ಲಿ ಬಾವಿಗೆ ಇಳಿಬಿಟ್ಟ ತಂತಿಗಳ ಮೂಲಕ ನೀರಿನ ಮಟ್ಟವನ್ನು ತಿಳಿಯುವ ವ್ಯವಸ್ಥೆಯಿರುತ್ತದೆ. ತಂತಿಯ ತುದಿಗಳ ನಡುವೆ ವಿದ್ಯುತ್ ಹರಿದರೆ ನೀರಿದೆ, ಹರಿಯದಿದ್ದರೆ ನೀರಿಲ್ಲ ಎಂದು ಪ್ಯಾನೆಲ್ ತಿಳಿಯುತ್ತದೆ. ಪೆಟ್ಟಿಗೆಯೊಳಗೆ ತಂತಿ ಕಟ್ಟುವ ಜಾಗದಲ್ಲಿ ಹಿಕ್ಕೆ ಮತ್ತು ತೇವ ಸೇರಿ ದಾರಿಯಾದರೆ, ಬಾವಿ ಬತ್ತಿದ್ದರೂ ಪ್ಯಾನೆಲ್ ನೀರಿದೆ ಎಂದೇ ತಿಳಿದು ಮೋಟಾರನ್ನು ಓಡಿಸುತ್ತದೆ. ನೀರಿಲ್ಲದೆ ಓಡಿದ ಮೋಟಾರು ಸುಟ್ಟುಹೋಗುತ್ತದೆ. ಈ ಸಾಧನ ರಸಸಾರ ಮಾಪಕದಷ್ಟು ಸೂಕ್ಷ್ಮವಲ್ಲ. ಇಲ್ಲಿ ತೊಂದರೆಯಾಗಲು ಕಣ್ಣಿಗೆ ಕಾಣುವಷ್ಟು ಕೊಳೆ ಬೇಕು. ಆದರೆ ಹೊಲದ ಪೆಟ್ಟಿಗೆಗಳಲ್ಲಿ ಅಷ್ಟು ಕೊಳೆ ಸೇರುವುದು ಅಪರೂಪವಲ್ಲ.

ಸೋರಿಕೆಯನ್ನು ಪತ್ತೆ ಹಚ್ಚುವುದು ಹೇಗೆ?

ರಸಸಾರ ಮಾಪಕಕ್ಕೆ ಈ ಪರೀಕ್ಷೆಗಳನ್ನು ಯಾವ ಪ್ರಯೋಗಾಲಯದಲ್ಲಾದರೂ ಮಾಡಬಹುದು.

ಎರಡು ಬಫರ್ ಪರೀಕ್ಷೆ: 7.0 ಬಫರಿನಲ್ಲಿ ಮಾಪಕವನ್ನು ಸರಿಹೊಂದಿಸಿ, ಎಲೆಕ್ಟ್ರೋಡನ್ನು ತೊಳೆದು 4.0 ಬಫರಿನಲ್ಲಿ ಅದ್ದಬೇಕು. ಕ್ಷಾರ ಮಣ್ಣುಗಳನ್ನು ಪರೀಕ್ಷಿಸುವ ಕಡೆ 9.2 ಬಫರನ್ನೂ ಬಳಸಬೇಕು. ಮಿಲಿವೋಲ್ಟ್ ತೋರಿಸುವ ಮಾಪಕವಾದರೆ 7 ಮತ್ತು 4ರ ನಡುವಿನ ವ್ಯತ್ಯಾಸ 25 ಡಿಗ್ರಿಯಲ್ಲಿ ಸುಮಾರು 177 ಮಿಲಿವೋಲ್ಟ್ ಇರಬೇಕು. ಇದು 168ಕ್ಕಿಂತ ಕಡಿಮೆಯಾದರೆ ಎಲೆಕ್ಟ್ರೋಡ್ ಹಳತಾಗಿರಬೇಕು ಅಥವಾ ಸೋರಿಕೆ ಇರಬೇಕು.

ಎಲೆಕ್ಟ್ರೋಡ್ ಬದಲಾಯಿಸಿ ನೋಡುವುದು: ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಎಲೆಕ್ಟ್ರೋಡನ್ನು ಜೋಡಿಸಬೇಕು. ಆಗ ವ್ಯತ್ಯಾಸ ಸರಿಯಾದರೆ ದೋಷ ಮೊದಲಿನ ಎಲೆಕ್ಟ್ರೋಡಿನದು. ಎರಡರಲ್ಲಿಯೂ ಕಡಿಮೆ ಬಂದರೆ ದೋಷ ಸಾಕೆಟ್ಟಿನಲ್ಲಿ ಅಥವಾ ಬೋರ್ಡಿನಲ್ಲಿದೆ. ಎಷ್ಟೋ ವೇಳೆ ಹೊಸ ಎಲೆಕ್ಟ್ರೋಡಿಗೆ ಹಣ ಕೊಟ್ಟ ಮೇಲೆ ಇದು ತಿಳಿಯುತ್ತದೆ.

ಉಸಿರು ಪರೀಕ್ಷೆ: ಎಲೆಕ್ಟ್ರೋಡನ್ನು 4.0 ಬಫರಿನಲ್ಲಿ ಇಟ್ಟು ಅಂಕಿ ನಿಂತ ಮೇಲೆ, ತಂತಿಯನ್ನು ಮುಟ್ಟದೆ, ಸಾಕೆಟ್ಟಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಡಬೇಕು. ಶುಚಿಯಾದ ಮಾಪಕದಲ್ಲಿ ಅಂಕಿ ಅಲುಗುವುದಿಲ್ಲ. ಅಂಕಿ ಸರಿದು ನಿಧಾನವಾಗಿ ಮೊದಲಿನ ಸ್ಥಾನಕ್ಕೆ ಬಂದರೆ ಅಲ್ಲಿ ಕೊಳೆಯಿದೆ. ಉಸಿರಿನ ತೇವ ಕೊಳೆಗೆ ಸೇರಿ ಸೋರಿಕೆ ಹೆಚ್ಚಿತು, ತೇವ ಆರಿದಂತೆ ಕಡಿಮೆಯಾಯಿತು ಎಂದು ಇದರ ಅರ್ಥ.

ಸಾಕೆಟ್ಟಿನ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ 7.0 ಬರುವುದೇ ಎಂದು ನೋಡುವ ಪದ್ಧತಿಯೂ ಇದೆ. ಇದರಿಂದ ಮಾಪಕದ ಇತರ ದೋಷಗಳು ತಿಳಿಯುತ್ತವೆ, ಸೋರಿಕೆ ತಿಳಿಯುವುದಿಲ್ಲ. ಇದನ್ನೊಂದೇ ನಂಬಬಾರದು.

ಶುಚಿಗೊಳಿಸುವ ಕ್ರಮ

ಮೊದಲಿಗೆ ಎರಡು ಎಚ್ಚರಿಕೆಗಳು. ವಾರಂಟಿ ಮುಗಿಯದ ಉಪಕರಣವನ್ನು ಬಿಚ್ಚಬಾರದು. ಪಂಪ್‌ಸೆಟ್ಟಿನ ಪ್ಯಾನೆಲ್ ಒಳಗೆ ಪ್ರಾಣಾಪಾಯದ ವಿದ್ಯುತ್ತಿರುವುದರಿಂದ ರೈತರು ಅದನ್ನು ತಾವೇ ಶುಚಿಗೊಳಿಸಬಾರದು, ಮುಖ್ಯ ಸ್ವಿಚ್ ಆರಿಸಿ ಬಲ್ಲ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಬೇಕು. ಕೆಳಗಿನ ಕ್ರಮ ಬ್ಯಾಟರಿಯಿಂದ ನಡೆಯುವ ಮಾಪಕಗಳಿಗೆ ಮತ್ತು ಅವುಗಳ ಸಾಕೆಟ್ಟಿಗೆ ಅನ್ವಯಿಸುತ್ತದೆ.

ಬೇಕಾಗುವ ಸಾಮಗ್ರಿಗಳು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಶೇಕಡ 99ರ ಐಸೋಪ್ರೊಪೈಲ್ ಆಲ್ಕೋಹಾಲ್, ಮೆದುವಾದ ಹೊಸ ಹಲ್ಲುಜ್ಜುವ ಬ್ರಷ್, ನೂಲು ಬಿಡದ ಶುಭ್ರವಾದ ಬಟ್ಟೆ.

1. ಬ್ಯಾಟರಿಯನ್ನು ತೆಗೆಯಬೇಕು. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಿಕೊಂಡು, ಭೂಮಿಗೆ ತಾಗಿರುವ ಲೋಹದ ವಸ್ತುವನ್ನು ಒಮ್ಮೆ ಮುಟ್ಟಬೇಕು. ಇದರಿಂದ ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿದುಹೋಗುತ್ತದೆ.

2. ಬೋರ್ಡನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು. ಒಣ ಬ್ರಷ್‌ನಿಂದ ದೂಳನ್ನು ತೆಗೆಯಬೇಕು. ಬಾಯಿಂದ ಊದಬಾರದು, ಎಂಜಲಿನ ಹನಿ ಬೀಳುತ್ತದೆ.

3. ಡಿಸ್ಟಿಲ್ಡ್ ನೀರಿನಲ್ಲಿ ಬ್ರಷ್ ಅದ್ದಿ, ಎಲೆಕ್ಟ್ರೋಡ್ ಸಾಕೆಟ್ ಮತ್ತು ಅದಕ್ಕೆ ಸೇರಿದ ಬೋರ್ಡಿನ ಭಾಗವನ್ನು ಮೆಲ್ಲಗೆ ಉಜ್ಜಿ ಒರೆಸಬೇಕು. ಈ ಹಂತವನ್ನು ಬಿಡುವವರೇ ಹೆಚ್ಚು. ಉಪ್ಪು ನೀರಿನಲ್ಲಿ ಕರಗುವಂತೆ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಜಿಡ್ಡು ಮತ್ತು ಫ್ಲಕ್ಸ್ ಆಲ್ಕೋಹಾಲಿನಲ್ಲಿ ಕರಗುವಂತೆ ನೀರಿನಲ್ಲಿ ಕರಗುವುದಿಲ್ಲ. ಆದುದರಿಂದ ಎರಡೂ ಬೇಕು.

4. ಅನಂತರ ಆಲ್ಕೋಹಾಲಿನಿಂದ ಉಜ್ಜಬೇಕು. ಬೋರ್ಡನ್ನು ಓರೆಯಾಗಿ ಹಿಡಿದು ಕೊಳೆಯಾದ ಆಲ್ಕೋಹಾಲ್ ಹರಿದುಹೋಗುವಂತೆ ಮಾಡಿ, ಉಳಿದುದನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕು. ಅದನ್ನು ಹಾಗೆಯೇ ಆರಲು ಬಿಟ್ಟರೆ ಆಲ್ಕೋಹಾಲ್ ಮಾತ್ರ ಹೋಗಿ ಕೊಳೆ ಬೋರ್ಡಿನ ತುಂಬ ಹರಡಿ ಉಳಿಯುತ್ತದೆ. ಹೊಸ ಆಲ್ಕೋಹಾಲಿನಿಂದ ಇನ್ನೊಮ್ಮೆ ಇದೇ ರೀತಿ ಮಾಡಬೇಕು.

5. ಅಳತೆಯ ತಂತಿಯ ತುದಿಯನ್ನೂ ಅದರೊಳಗಿನ ಬಿಳಿ ಅವಾಹಕವನ್ನೂ ಹೀಗೆಯೇ ಶುಚಿಗೊಳಿಸಬೇಕು. ಸಾಕೆಟ್ಟಿನಲ್ಲಷ್ಟೇ ಕೊಳೆಯಿದ್ದರೆ ಉಪಕರಣವನ್ನು ಬಿಚ್ಚದೆ ಇಷ್ಟರಿಂದಲೇ ದೋಷ ಸರಿಯಾಗಬಹುದು.

6. ಸುಮಾರು 50 ಡಿಗ್ರಿ ಬಿಸಿಯಲ್ಲಿ 2 ಗಂಟೆ ಒಣಗಿಸಬೇಕು. ಕೂದಲು ಒಣಗಿಸುವ ಯಂತ್ರದ ಕಡಿಮೆ ಬಿಸಿಯ ಗಾಳಿಯನ್ನು ದೂರದಿಂದ ಹಾಯಿಸಿಯೂ ಒಣಗಿಸಬಹುದು. ಆಲ್ಕೋಹಾಲ್ ಪೂರ್ತಿ ಆರುವವರೆಗೆ ಯಾವ ಬಿಸಿಯನ್ನೂ ಹತ್ತಿರ ತರಬಾರದು, ಅದು ಬೇಗ ಬೆಂಕಿ ಹಿಡಿಯುತ್ತದೆ. ಕೆಲಸವನ್ನು ಗಾಳಿಯಾಡುವ ಜಾಗದಲ್ಲಿ ಮಾಡಬೇಕು, ಬೀಡಿ ಸಿಗರೇಟು ಹಚ್ಚಬಾರದು.

7. ಮತ್ತೆ ಜೋಡಿಸಿ ಎರಡು ಬಫರುಗಳಲ್ಲಿ ಪರೀಕ್ಷಿಸಿ, ದಿನಾಂಕ ಮತ್ತು ಮಿಲಿವೋಲ್ಟ್ ಅಂಕಿಗಳನ್ನು ಉಪಕರಣದ ಪುಸ್ತಕದಲ್ಲಿ ಬರೆದಿಡಬೇಕು.

ಕೆಲವು ಮಾಪಕಗಳ ಬೋರ್ಡಿನಲ್ಲಿ ಎಲೆಕ್ಟ್ರೋಡಿನ ಗೆರೆಯನ್ನು ಸುತ್ತುವರಿದು ತಾಮ್ರದ ಒಂದು ಉಂಗುರವಿರುತ್ತದೆ. ಇದು ಕಾವಲು ಉಂಗುರ. ಇದನ್ನು ಒಳಗಿನ ಗೆರೆಯಷ್ಟೇ ಒತ್ತಡದಲ್ಲಿ ಇಟ್ಟಿರುತ್ತಾರೆ. ಬದುವಿನ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿದ್ದರೆ ಬಿಲವಿದ್ದರೂ ನೀರು ಹರಿಯುವುದಿಲ್ಲವಷ್ಟೆ. ಅದೇ ತತ್ವ ಇಲ್ಲಿದೆ. ಉಜ್ಜುವಾಗ ಈ ಉಂಗುರವನ್ನು ಕೆರೆಯಬಾರದು. ರಿಪೇರಿ ಮಾಡುವವರು ಇದು ಅನಗತ್ಯವೆಂದು ಕತ್ತರಿಸದಂತೆ ನೋಡಿಕೊಳ್ಳಬೇಕು.

ಮಾಡಬಾರದ ಕೆಲಸಗಳು

* ಕೊಳವೆ ಬಾವಿಯ ಅಥವಾ ನಲ್ಲಿಯ ನೀರಿನಿಂದ ತೊಳೆಯಬಾರದು. ಆ ನೀರಿನಲ್ಲಿರುವ ಲವಣಗಳು ಒಣಗಿ ಬೋರ್ಡಿನ ಮೇಲೆಯೇ ಉಳಿಯುತ್ತವೆ.

* ಕೈ ಶುಚಿಗೊಳಿಸುವ ಸ್ಯಾನಿಟೈಸರ್ ಬಳಸಬಾರದು. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್, ಸುಗಂಧ ಮುಂತಾದ ಆರದ ಪದಾರ್ಥಗಳಿರುತ್ತವೆ. ಔಷಧಿ ಅಂಗಡಿಯ ಶೇಕಡ 70ರ ಆಲ್ಕೋಹಾಲಿನಲ್ಲಿ ಉಳಿದ 30 ಪಾಲಿನಲ್ಲಿ ಹೆಚ್ಚಿನದು ನೀರು, ಅದು ನಿಧಾನವಾಗಿ ಆರುತ್ತದೆ.

* ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬಳಸಬಾರದು. ಇವು ಪ್ಲಾಸ್ಟಿಕನ್ನು ಹಾಳುಮಾಡುತ್ತವೆ ಅಥವಾ ಜಿಡ್ಡನ್ನು ಬಿಟ್ಟುಹೋಗುತ್ತವೆ. ತುಕ್ಕು ಬಿಡಿಸುವ ಎಣ್ಣೆಯ ಸಿಂಪರಣೆಯೂ ಬೇಡ, ಎಣ್ಣೆಗೆ ದೂಳು ಅಂಟುತ್ತದೆ.

* ಅಂಕಿ ತೋರಿಸುವ ಪರದೆಯನ್ನೂ ಗುಂಡಿಗಳನ್ನೂ ದ್ರವದಲ್ಲಿ ನೆನೆಸಬಾರದು.

* ಕೊಳೆಯ ಮೇಲೆಯೇ ವಾರ್ನಿಷ್ ಹೊಡೆಯಬಾರದು. ರಕ್ಷಣೆಯ ಲೇಪ ಒಳ್ಳೆಯದೇ, ಆದರೆ ಪೂರ್ತಿ ಶುಚಿ ಮಾಡಿ ಒಣಗಿಸಿದ ಬೋರ್ಡಿಗೆ ಮಾತ್ರ. ಇಲ್ಲವಾದರೆ ಉಪ್ಪು ಮತ್ತು ತೇವ ಲೇಪದ ಕೆಳಗೆ ಸಿಕ್ಕಿಕೊಂಡು ಮತ್ತೆ ತೆಗೆಯಲಾಗದಂತಾಗುತ್ತದೆ.

ಇಡುವ ವಿಧಾನ

ಶುಚಿಗೊಳಿಸುವುದಕ್ಕಿಂತ ಕೊಳೆಯಾಗದಂತೆ ಇಡುವುದು ಮೇಲು. ಮಾಪಕವನ್ನು ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಎಲೆಕ್ಟ್ರೋಡಿನ ಗಾಜಿನ ತುದಿ ಮಾತ್ರ ಒಣಗಬಾರದು, ಅದಕ್ಕೆ ಅದರದೇ ದ್ರಾವಣದ ಟೊಪ್ಪಿಗೆಯನ್ನು ಹಾಕಿಡಬೇಕು. ಎಲೆಕ್ಟ್ರೋಡನ್ನು ಬಿಚ್ಚಿದಾಗ ಸಾಕೆಟ್ಟಿಗೂ ಮುಚ್ಚಳ ಹಾಕಬೇಕು. ಗೊಬ್ಬರ, ಕೀಟನಾಶಕ, ಆಮ್ಲದ ಸೀಸೆಗಳಿರುವ ಕೊಠಡಿಯಲ್ಲಿ ಮಾಪಕ ಇರಕೂಡದು. ಪೆನ್ ಮಾದರಿಯ ಸಣ್ಣ ಮಾಪಕಗಳಲ್ಲಿ ಬ್ಯಾಟರಿ ಮುಚ್ಚಳದ ರಬ್ಬರ್ ಬಳೆ ಸಡಿಲವಾಗಿಲ್ಲವೆಂದು ನೋಡಬೇಕು. ನೀರು ಒಳಗೆ ಹೋಗುವ ದಾರಿ ಅದೇ. ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ತಂತಿ ಒಳಹೋಗುವ ತೂತುಗಳನ್ನು ರಬ್ಬರ್ ಬುಷ್ ಹಾಕಿ ಮುಚ್ಚಿಸಿದರೆ ಹಲ್ಲಿ, ಇರುವೆಗಳ ಕಾಟ ತಪ್ಪುತ್ತದೆ.

ವರ್ಷದಲ್ಲಿ ಒಮ್ಮೆ, ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಮಾಪಕಗಳನ್ನು ಶುಚಿಗೊಳಿಸಿ ಪರೀಕ್ಷಿಸುವುದು ಒಳ್ಳೆಯದು. ಮುಂಗಾರಿಗೆ ಮುನ್ನ ಮಣ್ಣಿನ ಮಾದರಿಗಳು ಹೆಚ್ಚಾಗಿ ಬರುವುದೂ ಆಗಲೇ.

ನೆನಪಿಡಬೇಕಾದ ಅಂಶಗಳು

* ಸೋರಿಕೆಯಿರುವ ರಸಸಾರ ಮಾಪಕ ಹುಳಿ ಮಣ್ಣನ್ನೂ ಕ್ಷಾರ ಮಣ್ಣನ್ನೂ ಒಳ್ಳೆಯ ಮಣ್ಣೆಂದು ತೋರಿಸಬಹುದು.
* 7.0 ಬಫರ್ ಒಂದೇ ಸಾಲದು, 4.0 ಅಥವಾ 9.2 ಬಫರಿನಲ್ಲಿಯೂ ಪರೀಕ್ಷಿಸಬೇಕು.
* ಹೊಸ ಎಲೆಕ್ಟ್ರೋಡ್ ಕೊಳ್ಳುವ ಮೊದಲು ಸಾಕೆಟ್ಟನ್ನು ಶುಚಿಗೊಳಿಸಿ ನೋಡಬೇಕು.
* ಮೊದಲು ಡಿಸ್ಟಿಲ್ಡ್ ನೀರು, ಆಮೇಲೆ ಆಲ್ಕೋಹಾಲ್, ಕೊನೆಗೆ ಬಿಸಿ ಗಾಳಿ.
* ತೇವಾಂಶ ಮಾಪಕವನ್ನು ಒರೆಸಿದ ಮೇಲೆಯೇ ಕಾಳನ್ನು ಅಳೆಯಬೇಕು.

2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಪರೀಕ್ಷಿಸುವ 12 ಅಂಶಗಳಲ್ಲಿ ರಸಸಾರವೂ ಒಂದು. ಚೀಟಿಯಲ್ಲಿ ಅಚ್ಚಾದ ಅಂಕಿಯನ್ನು ರೈತರು ನಂಬಿ ನಡೆಯುತ್ತಾರೆ. ಆ ಅಂಕಿ ಸರಿಯಾಗಿರಬೇಕಾದರೆ ಮಾದರಿ ತೆಗೆಯುವಲ್ಲಿ ಎಷ್ಟು ಎಚ್ಚರ ಬೇಕೋ ಅಳೆಯುವ ಉಪಕರಣದ ಶುಚಿತ್ವದಲ್ಲಿಯೂ ಅಷ್ಟೇ ಎಚ್ಚರ ಬೇಕು. ವಿಸ್ತರಣಾ ಕಾರ್ಯಕರ್ತರು ತಮ್ಮ ಕೇಂದ್ರದ ಮಾಪಕವನ್ನು ಈ ವಾರವೇ ಎರಡು ಬಫರುಗಳಲ್ಲಿ ಪರೀಕ್ಷಿಸಿ ನೋಡುವುದು ಸೂಕ್ತ.